ಬಿಸಿಲ ಸೀಮೆಗೆ ಕುಳ್ಳ ಕೂಲರ್

ಪ್ರೊಸೆಸರಿನ ಮೇಲೆ ಕೂರುವ ಕೂಲರ್, ಹೆಸರಿನಲ್ಲಿ ತಂಪನ್ನು ಹೊತ್ತಿದ್ದರೂ, ತಂಪನ್ನು ಉತ್ಪಾದಿಸುವ ಯಂತ್ರವಲ್ಲ. ಚಿಪ್ಪಿನಲ್ಲಿ ಹುಟ್ಟಿದ ಶಾಖವನ್ನು ಸುತ್ತಲಿನ ಗಾಳಿಗೆ ಒಪ್ಪಿಸುವುದಷ್ಟೇ ಅದರ ಕೆಲಸವಾದ್ದರಿಂದ, ಆ ಗಾಳಿ ಎಷ್ಟು ಬಿಸಿಯಿದೆಯೋ ಅದಕ್ಕಿಂತ ಕೆಳಗೆ ಚಿಪ್ಪಿನ ಉಷ್ಣತೆಯನ್ನು ಇಳಿಸುವುದು ಅದಕ್ಕೆ ಸಾಧ್ಯವಿಲ್ಲ. ಮಲೆನಾಡಿನ ಊರೊಂದರಲ್ಲಿ ಈ ಸಂಗತಿ ಅಷ್ಟಾಗಿ ಕಾಡದಿರಬಹುದು. ಆದರೆ 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಮದುವೆಗಳ ಹಂಗಾಮೂ ಅದೇ ಆಗಿರುವುದರಿಂದ, ಫೋಟೊ ಸ್ಟುಡಿಯೊದ ಗಣಕಯಂತ್ರ ಗಂಟೆಗಟ್ಟಲೆ ವಿಡಿಯೊ ರೆಂಡರ್ ಮಾಡಬೇಕಾದ ದಿನಗಳು ಮತ್ತು ಅದಕ್ಕೆ ಅತ್ಯಂತ ಬಿಸಿಯಾದ ಗಾಳಿ ಸಿಗುವ ದಿನಗಳು ಒಂದೇ ಆಗಿಬಿಡುತ್ತವೆ. ಇಕ್ಕಟ್ಟಿನ ಮೇಜಿಗೆಂದು ಸಣ್ಣ ಕ್ಯಾಬಿನೆಟ್ಟಿನಲ್ಲಿ ಗಣಕಯಂತ್ರ ಜೋಡಿಸುವವರು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಈ ಕಾಕತಾಳೀಯವನ್ನೇ.

ಸಣ್ಣ ಗಣಕಯಂತ್ರ ಎಂದರೆ ಇಲ್ಲಿ ಸಾಮಾನ್ಯವಾಗಿ ಮಿನಿ-ಐಟಿಎಕ್ಸ್ ಮದರ್‌ಬೋರ್ಡಿನ ಸುತ್ತ ಕಟ್ಟಿದ ಯಂತ್ರ. ತೈವಾನಿನ ವಿಯಾ ಕಂಪನಿ 2001ರಲ್ಲಿ ರೂಪಿಸಿದ ಈ ಮಾದರಿಯ ಬೋರ್ಡು ಉದ್ದಗಲ ಎರಡರಲ್ಲೂ 170 ಮಿಲಿಮೀಟರ್ ಇದ್ದು, ಅದನ್ನು ಹೊಂದಿಸಿಕೊಳ್ಳುವ ಅತಿ ತೆಳುವಾದ ಕ್ಯಾಬಿನೆಟ್ಟುಗಳಲ್ಲಿ ಪ್ರೊಸೆಸರಿನ ಮೇಲೆ ಉಳಿಯುವ ಎತ್ತರ 37ರಿಂದ 50 ಮಿಲಿಮೀಟರ್ ಮಾತ್ರ. ದೊಡ್ಡ ಕ್ಯಾಬಿನೆಟ್ಟಿನ ಗೋಪುರದಂಥ ಕೂಲರುಗಳು 150 ಮಿಲಿಮೀಟರನ್ನು ಮೀರುವುದರಿಂದ ಅವುಗಳ ಮಾತೇ ಇಲ್ಲಿ ಏಳುವುದಿಲ್ಲ. ಎಎಂಡಿ ತನ್ನ ಹಲವು ಪ್ರೊಸೆಸರುಗಳ ಜೊತೆ ಕೊಡುವ ರೇಯ್ತ್ ಸ್ಟೆಲ್ತ್ ಕೂಲರ್ ಕೂಡ 54 ಮಿಲಿಮೀಟರ್ ಇರುವುದರಿಂದ ಎಷ್ಟೋ ಸಲ ಮುಚ್ಚಳ ಕೂರುವುದಿಲ್ಲ. ಹೀಗಾಗಿ ಆಸ್ಟ್ರಿಯಾದ ನಾಕ್ಟುವಾದ ಎನ್‌ಎಚ್-ಎಲ್9 ಸರಣಿಯ 37 ಮಿಲಿಮೀಟರಿನ ಕೂಲರ್, ಥರ್ಮಲ್‌ರೈಟ್‌ನ 47 ಮಿಲಿಮೀಟರಿನ ಎಎಕ್ಸ್‌ಪಿ90-ಎಕ್ಸ್47 ಮೊದಲಾದ ಕುಳ್ಳ ಮಾದರಿಗಳು ಆಯ್ಕೆಗೆ ಉಳಿಯುತ್ತವೆ.

ಇಷ್ಟು ಕಡಿಮೆ ಎತ್ತರದಲ್ಲಿ ಶಾಖ ಸಾಗುವ ಹಾದಿಯನ್ನು ಗಮನಿಸಿದರೆ ಪ್ರತಿ ಮಿಲಿಮೀಟರಿನ ಬೆಲೆ ತಿಳಿಯುತ್ತದೆ. ಪ್ರೊಸೆಸರಿನ ಲೋಹದ ಮುಚ್ಚಳಕ್ಕೂ ಕೂಲರಿನ ತಳಕ್ಕೂ ನಡುವೆ ಬರಿಗಣ್ಣಿಗೆ ಕಾಣದ ಏರುತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಗಾಳಿ ಶಾಖಕ್ಕೆ ಬಹಳ ಕೆಟ್ಟ ವಾಹಕವಾದ್ದರಿಂದ ಆ ಜಾಗವನ್ನು ಥರ್ಮಲ್ ಪೇಸ್ಟ್ ಎಂಬ ಲೇಪ ತುಂಬುತ್ತದೆ. ತಳದಿಂದ ಮುಂದೆ ಶಾಖವನ್ನು ಹೊತ್ತೊಯ್ಯುವುದು ಶಾಖನಳಿಗೆ, ಅಂದರೆ ಒಳಗೆ ಸ್ವಲ್ಪವೇ ನೀರಿಟ್ಟು ಗಾಳಿ ತೆಗೆದು ಮುಚ್ಚಿದ ತಾಮ್ರದ ಕೊಳವೆ. ಒಳಗಿನ ಒತ್ತಡ ತೀರ ಕಡಿಮೆಯಿರುವುದರಿಂದ ನೀರು ನೂರು ಡಿಗ್ರಿಗೆ ಕಾಯದೆ, ತಳದ ಸಾಧಾರಣ ಬಿಸಿಗೇ ಆವಿಯಾಗಿ, ತಂಪಾದ ತುದಿಗೆ ಧಾವಿಸಿ, ಅಲ್ಲಿ ಶಾಖವನ್ನು ಬಿಟ್ಟು ಹನಿಯಾಗುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ, ಕೊಳವೆಯ ಒಳಮೈಗೆ ಅಂಟಿಸಿದ ತಾಮ್ರದ ಪುಡಿಯ ಪದರ ಆ ಹನಿಗಳನ್ನು ಮತ್ತೆ ಬಿಸಿಯಾದ ತುದಿಗೆ ಎಳೆದು ತರುತ್ತದೆ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ಬೆಳೆಸಿದ ಈ ತಂತ್ರ, ಬಾಹ್ಯಾಕಾಶ ನೌಕೆಗಳನ್ನು ದಾಟಿ ಈಗ ಅಂಗಡಿಯ ಮೇಜಿಗೆ ಬಂದಿದೆ. ಕೊಳವೆಯ ಇನ್ನೊಂದು ತುದಿ ಫಿನ್ ಎಂದು ಕರೆಯುವ ತೆಳು ತಗಡುಗಳ ಸಾಲನ್ನು ಹಾದುಹೋಗುತ್ತದೆ. ಗಾಳಿಗೆ ಒಡ್ಡಿಕೊಳ್ಳುವ ಮೈ ಇರುವುದು ಆ ತಗಡುಗಳಲ್ಲೇ, ಮತ್ತು ಎತ್ತರ ಕಡಿಮೆಯಾದಷ್ಟೂ ಮೊದಲು ಕತ್ತರಿಸಿಹೋಗುವುದು ಅದೇ ಮೈ.

ಕೂಲರಿನ ಸಾಮರ್ಥ್ಯವನ್ನು ಶಾಖರೋಧ ಎಂಬ ಒಂದೇ ಸಂಖ್ಯೆಯಿಂದ ಅಂದಾಜಿಸಬಹುದು. ಚಿಪ್ಪು ಒಂದು ವಾಟ್ ಶಾಖ ಹೊಮ್ಮಿಸಿದಾಗ ಅದರ ಉಷ್ಣತೆ ಸುತ್ತಲ ಗಾಳಿಗಿಂತ ಎಷ್ಟು ಡಿಗ್ರಿ ಮೇಲೇರುತ್ತದೆ ಎಂಬುದೇ ಆ ಸಂಖ್ಯೆ. ಲೆಕ್ಕಕ್ಕೆಂದು ಕುಳ್ಳ ಕೂಲರೊಂದರ ಶಾಖರೋಧ ಪ್ರತಿ ವಾಟಿಗೆ 0.6 ಡಿಗ್ರಿ ಎಂದಿಟ್ಟುಕೊಂಡರೆ, 88 ವಾಟ್ ಶಾಖಕ್ಕೆ ಚಿಪ್ಪು ಸುಮಾರು 53 ಡಿಗ್ರಿ ಮೇಲೇರಬೇಕು. ಕೋಣೆಯಲ್ಲಿ 25 ಡಿಗ್ರಿ, ಕ್ಯಾಬಿನೆಟ್ಟಿನೊಳಗೆ 32 ಡಿಗ್ರಿ ಇರುವ ಬೆಂಗಳೂರಿನಲ್ಲಿ ಇದು 85ಕ್ಕೆ ನಿಲ್ಲುತ್ತದೆ. ಕೋಣೆಯೇ 38 ಡಿಗ್ರಿಗೆ ಕಾದು ಕ್ಯಾಬಿನೆಟ್ಟಿನೊಳಗೆ 45 ತಲುಪಿರುವ ಕೊಟ್ಟೂರಿನಲ್ಲಿ ಅದೇ ಕೂಲರ್, ಅದೇ ಪ್ರೊಸೆಸರ್ 98 ಡಿಗ್ರಿಗೆ ಏರಬೇಕಾಗುತ್ತದೆ. ಎಎಂಡಿಯ ರೈಜನ್ 5 5600ಜಿಯಂಥ ಪ್ರೊಸೆಸರಿಗೆ ನಿಗದಿಯಾದ ಮಿತಿ 95 ಡಿಗ್ರಿ. ಚಿಪ್ಪು ಅಲ್ಲಿ ಸುಟ್ಟುಹೋಗುವುದಿಲ್ಲ. ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಫ್ಯಾನು ಒಂದೇ ಸಮನೆ ಅರಚುತ್ತದೆ, ಕೊಟ್ಟ ಹಣಕ್ಕೆ ತಕ್ಕ ವೇಗ ಮಾತ್ರ ಕೈಗೆ ಬರುವುದಿಲ್ಲ. ತಂಪು ಕೋಣೆಗಳಲ್ಲಿ ಪರೀಕ್ಷಿಸಿ ಬರೆದ ಹೊಗಳಿಕೆಗಳನ್ನು ಬಯಲುಸೀಮೆಯ ಓದುಗರು ಈ ಹದಿಮೂರು ಡಿಗ್ರಿಯನ್ನು ಕೂಡಿಸಿಕೊಂಡೇ ಓದಬೇಕು.

ಮೇಲಿನ ಲೆಕ್ಕದಲ್ಲಿ 88 ವಾಟ್ ಬಂದದ್ದು ಪೆಟ್ಟಿಗೆಯ ಮೇಲಿನ ಅಂಕಿಯಿಂದಲ್ಲ. ಟಿಡಿಪಿ ಎಂದು ಅಚ್ಚಾಗುವ ವಾಟ್ ಸಂಖ್ಯೆಗೂ ಪ್ರೊಸೆಸರ್ ನಿಜವಾಗಿ ಸೆಳೆಯಬಲ್ಲ ವಿದ್ಯುತ್ತಿಗೂ ಅಂತರವಿದೆ: ಎಎಂಡಿಯ 65 ವಾಟಿನ ಪ್ರೊಸೆಸರಿಗೆ 88 ವಾಟ್‌ವರೆಗೆ ಸೆಳೆಯುವ ಅನುಮತಿಯಿರುತ್ತದೆ, ಇಂಟೆಲಿನ ಐ5-12400 ಎಂಬ 65 ವಾಟಿನ ಪ್ರೊಸೆಸರ್ 117 ವಾಟ್‌ವರೆಗೆ ಹೋಗಬಲ್ಲದು. ಅದೃಷ್ಟವಶಾತ್ ಈ ಮಿತಿಯನ್ನು ಬಯೋಸ್‌ನಲ್ಲಿ, ಅಂದರೆ ಯಂತ್ರ ಚಾಲೂ ಆಗುವಾಗಿನ ಮೂಲ ಸೆಟ್ಟಿಂಗಿನಲ್ಲಿ, ಇಳಿಸಬಹುದು. ಎಎಂಡಿಯ 45 ವಾಟಿನ ಇಕೊ ಮೋಡ್ ಆರಿಸಿದರೆ ಗರಿಷ್ಠ ಸೆಳೆತ 61 ವಾಟಿಗೆ ಇಳಿದು, ಕೊಟ್ಟೂರಿನ ಅದೇ ಮಧ್ಯಾಹ್ನ ಚಿಪ್ಪು 82 ಡಿಗ್ರಿಯಲ್ಲಿ ನಿಲ್ಲುತ್ತದೆ. ಸುಮಾರು ಮೂರನೇ ಒಂದು ಭಾಗ ವಿದ್ಯುತ್ ಕಡಿತವಾದರೂ ವೇಗ ಅಷ್ಟೇ ಪ್ರಮಾಣದಲ್ಲಿ ಕುಸಿಯುವುದಿಲ್ಲ. ಚಿಪ್ಪಿನ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೇಗದ ಕೊನೆಯ ಮೆಟ್ಟಿಲುಗಳೇ ಅತಿ ದುಬಾರಿಯಾದವು. ದುಡ್ಡು ಸುರಿದು ಹತ್ತು ಮಿಲಿಮೀಟರ್ ಹೆಚ್ಚು ಎತ್ತರದ ಕೂಲರ್ ಹುಡುಕುವುದಕ್ಕಿಂತ ಬಿಟ್ಟಿಯಾಗಿ ಸಿಗುವ ಈ ಸೆಟ್ಟಿಂಗ್ ಎಷ್ಟೋ ಮೇಲು. ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 2025ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ ಕಿಯೊ ಎಂಬ ಪುಟ್ಟ ಗಣಕಯಂತ್ರದಂಥವು ರಿಸ್ಕ್-ಫೈವ್ ಬಗೆಯ ಮಿತವ್ಯಯದ ಪ್ರೊಸೆಸರ್ ಬಳಸುವುದರಿಂದ ಸಿಗುವ ಅನುಕೂಲವೂ ಇದೇ: ಶಾಖವೇ ಹುಟ್ಟದಿದ್ದರೆ ಅದನ್ನು ಸಾಗಿಸುವ ತಾಪತ್ರಯವಿಲ್ಲ.

ಫ್ಯಾನಿನ ವಿಷಯದಲ್ಲಿ ಗಾಳಿಯ ಪ್ರಮಾಣಕ್ಕಿಂತ ಅದರ ದಾರಿಯೇ ಮುಖ್ಯ. ಹತ್ತು ಡಿಗ್ರಿ ಮಾತ್ರ ಬಿಸಿಯೇರುವಂತೆ 65 ವಾಟ್ ಶಾಖವನ್ನು ಹೊತ್ತೊಯ್ಯಲು ಸೆಕೆಂಡಿಗೆ ಸುಮಾರು ಐದೂವರೆ ಲೀಟರ್ ಗಾಳಿ ಸಾಕು. ಅಂಗೈಯಗಲದ ಫ್ಯಾನಿಗೆ ಇದು ದೊಡ್ಡ ಹೊರೆಯಲ್ಲ. ಆದರೆ ಫಿನ್ನುಗಳಿಂದ ಹೊರಬಿದ್ದ ಬಿಸಿಗಾಳಿಯನ್ನೇ ಫ್ಯಾನು ಮತ್ತೆ ಒಳಗೆಳೆದುಕೊಂಡರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಕ್ಯಾಬಿನೆಟ್ಟಿನ ಜಾಲರಿಗೂ ಫ್ಯಾನಿಗೂ ನಡುವೆ ಎರಡು ಮೂರು ಸೆಂಟಿಮೀಟರ್ ಖಾಲಿ ಜಾಗವಿದ್ದರೆ ಆಗುವುದು ಹೀಗೆಯೇ. ಆ ಜಾಗಕ್ಕೆ ಸ್ಪಂಜಿನ ಚೌಕಟ್ಟೊಂದನ್ನು ಕತ್ತರಿಸಿ ಕೂರಿಸಿದರೆ ಫ್ಯಾನು ಹೊರಗಿನ ಗಾಳಿಯನ್ನು ಮಾತ್ರ ಸೇದುತ್ತದೆ. ಜಾಲರಿಯಿಲ್ಲದ ಮುಚ್ಚಳ ಫ್ಯಾನಿಗೆ ಅಂಟಿಕೊಂಡಂತಿದ್ದರೆ ಯಾವ ಚೌಕಟ್ಟಿನಿಂದಲೂ ಉಪಯೋಗವಿಲ್ಲ. ಅಂಥ ಕ್ಯಾಬಿನೆಟ್ಟನ್ನು ಈ ಸೀಮೆಯವರು ಕೊಳ್ಳದಿರುವುದೇ ಸರಿ.

ಇನ್ನು ಧೂಳು. ಎರೆಭೂಮಿಯ ಮಣ್ಣಿನ ನಯವಾದ ಪುಡಿ, ಹರಪನಹಳ್ಳಿ–ಕೊಟ್ಟೂರು ಕಡೆ ಮೆಕ್ಕೆಜೋಳದ ತೆನೆ ಬಿಡಿಸುವಾಗ ಯಂತ್ರದಿಂದ ಏಳುವ ಹೊಟ್ಟು, ಬಾಗಿಲು ತೆರೆದೇ ಇರುವ ಅಂಗಡಿಗೆ ಬೀದಿಯಿಂದ ನುಗ್ಗುವ ಮಣ್ಣು, ಇವೆಲ್ಲ ಕುಳ್ಳ ಕೂಲರಿಗೆ ದೊಡ್ಡ ಕೂಲರಿಗಿಂತ ಹೆಚ್ಚು ಅಪಾಯಕಾರಿ. ಏಕೆಂದರೆ ಕಳೆದುಕೊಂಡ ಎತ್ತರವನ್ನು ಸರಿದೂಗಿಸಲು ತಯಾರಕರು ಫಿನ್ನುಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ಹೊಟ್ಟಿನ ಎಳೆಗಳು ಮೊದಲು ಫಿನ್ನಿನ ಅಂಚಿಗೆ ಸಿಕ್ಕಿ ಬಲೆ ಕಟ್ಟುತ್ತವೆ, ಆ ಬಲೆಯಲ್ಲಿ ಮಣ್ಣಿನ ಪುಡಿ ನಿಲ್ಲುತ್ತದೆ, ಕೆಲವು ತಿಂಗಳಲ್ಲಿ ಫ್ಯಾನಿನ ಕೆಳಗೆ ಬೂದುಬಣ್ಣದ ಹೊದಿಕೆಯೇ ಸಿದ್ಧವಾಗುತ್ತದೆ. ಮೇಲಿನಿಂದ ನೋಡಿದವರಿಗೆ ಫ್ಯಾನು ತಿರುಗುತ್ತಿರುವುದು ಕಾಣುತ್ತದೆಯೇ ಹೊರತು ಅದರಡಿ ಗಾಳಿ ದಾಟದಿರುವುದು ಕಾಣುವುದಿಲ್ಲ. ಕ್ಯಾಬಿನೆಟ್ಟಿನ ಜಾಲರಿಗೆ ತೊಳೆಯಬಹುದಾದ ನೈಲಾನ್ ಪರದೆ ಹಾಕುವುದು, ತಿಂಗಳಿಗೊಮ್ಮೆ ಅದನ್ನು ಜಾಡಿಸುವುದು, ಬ್ಲೋವರ್ ಹಿಡಿಯುವಾಗ ಫ್ಯಾನಿನ ಎಸಳುಗಳು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗದಂತೆ ಬೆರಳಿನಿಂದ ತಡೆದಿಡುವುದು ಅಗತ್ಯ.

ಕೊಳ್ಳುವ ಮುನ್ನ ಅಳತೆಗಳನ್ನು ತಾಳೆ ನೋಡಬೇಕು. 95 ಮಿಲಿಮೀಟರ್ ಚೌಕದ ಕೂಲರುಗಳು ಸಾಮಾನ್ಯವಾಗಿ ರ್ಯಾಮಿಗೆ ತಾಗುವುದಿಲ್ಲ. 120 ಮಿಲಿಮೀಟರ್ ಫ್ಯಾನಿನ ಕೂಲರ್ ರ್ಯಾಮಿನ ಮೇಲೆ ಚಾಚುವುದರಿಂದ, ಅಲಂಕಾರದ ಲೋಹದ ಕವಚವಿಲ್ಲದ ಸುಮಾರು 31 ಮಿಲಿಮೀಟರ್ ಎತ್ತರದ ಸಾದಾ ರ್ಯಾಮನ್ನೇ ಆರಿಸಬೇಕು. ಇಂಟೆಲಿನ ಎಲ್‌ಜಿಎ1700 ಸಾಕೆಟ್ಟಿನಲ್ಲಿ ತಿರುಪಿನ ರಂಧ್ರಗಳ ಅಂತರ ಹಿಂದಿನ 75 ಮಿಲಿಮೀಟರಿನಿಂದ 78ಕ್ಕೆ ಏರಿರುವುದರಿಂದ, ಹಳೆಯ ಯಂತ್ರದ ಕೂಲರ್ ಹೊಸ ಹಿಡಿಕೆಯಿಲ್ಲದೆ ಅಲ್ಲಿ ಕೂರುವುದಿಲ್ಲ. ಜೋಡಿಸಿದ ಯಂತ್ರದ ಪರೀಕ್ಷೆಯನ್ನು ಡಿಸೆಂಬರಿನ ಬೆಳಗಿಗೆ ಮುಗಿಸದೆ, ಏಪ್ರಿಲಿನ ಮಧ್ಯಾಹ್ನ ಮೂರರ ಹೊತ್ತಿಗೆ, ಮುಚ್ಚಳ ಹಾಕಿ, ಉದ್ದನೆಯ ವಿಡಿಯೊ ಒಂದನ್ನು ರೆಂಡರಿಗೆ ಬಿಟ್ಟು ಮತ್ತೊಮ್ಮೆ ಮಾಡಬೇಕು. ಅರ್ಧ ಗಂಟೆಯ ನಂತರ ಪ್ರೊಸೆಸರಿನ ವೇಗ ಅದರ ಮೂಲ ವೇಗಕ್ಕಿಂತ ಕೆಳಗಿಳಿದಿದ್ದರೆ, ವಿದ್ಯುತ್ ಮಿತಿಯನ್ನು ಹತ್ತು ವಾಟ್‌ನಷ್ಟು ಇಳಿಸಿ ಅದೇ ವಿಡಿಯೊವನ್ನು ಪುನಃ ಓಡಿಸಿ ನೋಡುವುದು ಮುಂದಿನ ಕೆಲಸ.