ಪರ್ಫಾರ್ಮೆನ್ಸ್ ಕ್ಯಾಮ್‌ಶಾಫ್ಟ್ ಮತ್ತು ಐಡ್ಲಿಂಗ್ ತೊಂದರೆ: ದೋಷ ಯಾವುದು, ಸ್ವಭಾವ ಯಾವುದು?

ಮೋಟಾರು ವಾಹನ ದುರಸ್ತಿ ಹಾಗೂ ಬಿಡಿಭಾಗಗಳ ವ್ಯಾಪಾರದಲ್ಲಿ ತೊಡಗಿರುವ ಸದಸ್ಯರ ಪೈಕಿ ಕೆಲವರು ಇಂಜಿನ್ ಮಾರ್ಪಾಡಿನ ಕೆಲಸವನ್ನೂ ಕೈಗೊಳ್ಳುತ್ತಾರೆ. ರ‍್ಯಾಲಿ ಸ್ಪರ್ಧೆಗಳಿಗಾಗಿ ಸಿದ್ಧಪಡಿಸುವ ಮಾರುತಿ ಜಿಪ್ಸಿ, ಎಸ್ಟೀಮ್‌ನಂತಹ ವಾಹನಗಳಲ್ಲಿ ಮೂಲ ಕ್ಯಾಮ್‌ಶಾಫ್ಟ್ ತೆಗೆದು ಪರ್ಫಾರ್ಮೆನ್ಸ್ ಕ್ಯಾಮ್‌ಶಾಫ್ಟ್ ಅಳವಡಿಸುವುದು ಇಂತಹ ಕೆಲಸಗಳಲ್ಲೊಂದು. ಅಳವಡಿಕೆಯ ನಂತರ ಗ್ರಾಹಕರಿಂದ ಬರುವ ದೂರು ಬಹುಮಟ್ಟಿಗೆ ಒಂದೇ: ಗಾಡಿ ನಿಂತಲ್ಲಿ ನಡುಗುತ್ತದೆ, ಸಿಗ್ನಲ್‌ನಲ್ಲಿ ತಾನಾಗಿಯೇ ಆಫ್ ಆಗುತ್ತದೆ. ಈ ದೂರು ಬಂದೊಡನೆ ಬಾಕಿ ಹಣದ ಪಾವತಿ ನಿಲ್ಲುತ್ತದೆ. ವರ್ಕ್‌ಶಾಪ್ ಮಾಲೀಕರು ಇದು ಕ್ಯಾಮ್‌ಶಾಫ್ಟಿನ ಸ್ವಭಾವ ಎನ್ನುತ್ತಾರೆ. ಗ್ರಾಹಕರು ಇದು ಜೋಡಣೆಯ ದೋಷ ಎನ್ನುತ್ತಾರೆ. ಎರಡೂ ನಿಜವಾಗಿರಬಹುದು. ಇವೆರಡನ್ನು ಅಳತೆಯ ಆಧಾರದ ಮೇಲೆ ಬೇರ್ಪಡಿಸುವ ಕ್ರಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಸ್ವಭಾವದ ಮೂಲ

ನಾಲ್ಕು ಸ್ಟ್ರೋಕಿನ ಇಂಜಿನ್‌ನಲ್ಲಿ ಎಕ್ಸಾಸ್ಟ್ ಸ್ಟ್ರೋಕ್ ಮುಗಿದು ಇನ್‌ಟೇಕ್ ಸ್ಟ್ರೋಕ್ ಆರಂಭವಾಗುವ ಸಂಧಿಕಾಲದಲ್ಲಿ ಎರಡೂ ವಾಲ್ವ್‌ಗಳು ಕೆಲಹೊತ್ತು ಒಟ್ಟಿಗೆ ತೆರೆದಿರುತ್ತವೆ. ಇದಕ್ಕೆ ಓವರ್‌ಲ್ಯಾಪ್ ಎಂದು ಹೆಸರು. ಪರ್ಫಾರ್ಮೆನ್ಸ್ ಕ್ಯಾಮ್‌ಶಾಫ್ಟಿನಲ್ಲಿ ಈ ಅವಧಿ ಹೆಚ್ಚು. ಅಧಿಕ ವೇಗದಲ್ಲಿ ಹೊರಹೋಗುವ ಅನಿಲದ ಸೆಳೆತವು ಹೊಸ ಮಿಶ್ರಣವನ್ನು ಒಳಗೆಳೆದುಕೊಳ್ಳುವುದರಿಂದ ಶಕ್ತಿ ಹೆಚ್ಚುತ್ತದೆ.

ಆದರೆ ಐಡ್ಲಿಂಗ್‌ನಲ್ಲಿ ಪರಿಸ್ಥಿತಿ ತದ್ವಿರುದ್ಧ. ಥ್ರಾಟಲ್ ಬಹುತೇಕ ಮುಚ್ಚಿದ್ದು, ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಬಲವಾಗಿರುತ್ತದೆ. ಸುಟ್ಟ ಅನಿಲವು ಇನ್‌ಟೇಕ್ ಕಡೆಗೆ ಹಿಂದಿರುಗಿ ಹೊಸ ಮಿಶ್ರಣದೊಡನೆ ಬೆರೆಯುತ್ತದೆ. ನಿಮಿಷಕ್ಕೆ 800 ಸುತ್ತಿನ ಐಡ್ಲಿಂಗ್‌ನಲ್ಲಿ ಪ್ರತಿ ಸಿಲಿಂಡರ್ 400 ಬಾರಿ ಉರಿಯಬೇಕು. ಇವುಗಳಲ್ಲಿ ಕೆಲವು ಸರಿಯಾಗಿ ಉರಿಯದಿದ್ದಾಗ ಏರಿಳಿತ ಉಂಟಾಗುತ್ತದೆ. ಇಷ್ಟು ಮಾತ್ರ ಸ್ವಭಾವ. ಈ ಏರಿಳಿತವು ಎಲ್ಲ ಸಿಲಿಂಡರ್‌ಗಳಿಗೂ ಸಾಮಾನ್ಯವಾಗಿದ್ದು, ಐಡ್ಲಿಂಗ್ ವೇಗವನ್ನು 950 ರಿಂದ 1,100ಕ್ಕೆ ಏರಿಸಿದಾಗ ಗಣನೀಯವಾಗಿ ತಗ್ಗುತ್ತದೆ. ಹಾಗೆ ತಗ್ಗದಿದ್ದಲ್ಲಿ ದೋಷವನ್ನು ಹುಡುಕಬೇಕು.

ಆರಂಭಿಕ ಶಿಲ್ಕು ಅಗತ್ಯ

ಲೆಕ್ಕಪತ್ರದಲ್ಲಿ ಆರಂಭಿಕ ಶಿಲ್ಕು ಇಲ್ಲದೆ ಅಂತಿಮ ಶಿಲ್ಕಿಗೆ ಅರ್ಥವಿಲ್ಲ. ಇಂಜಿನ್ ವಿಷಯದಲ್ಲಿಯೂ ಹಾಗೆಯೇ. ಇಂಜಿನ್ ಬಿಚ್ಚುವ ಮುನ್ನ ನಾಲ್ಕು ಅಂಕಿಗಳನ್ನು ಜಾಬ್ ಕಾರ್ಡಿನಲ್ಲಿ ಬರೆದು ಗ್ರಾಹಕರ ಸಹಿ ಪಡೆಯಬೇಕು: ಐಡ್ಲಿಂಗ್ ವೇಗ, ಮ್ಯಾನಿಫೋಲ್ಡ್ ನಿರ್ವಾತ, ಪ್ರತಿ ಸಿಲಿಂಡರಿನ ಕಂಪ್ರೆಷನ್, ಹಾಗೂ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಪ್ರಮಾಣ. ಅಳವಡಿಕೆಯ ನಂತರ ಇವೇ ಅಂಕಿಗಳನ್ನು ಮತ್ತೆ ದಾಖಲಿಸಬೇಕು. ಈ ಮೊದಲ ದಾಖಲೆ ಇಲ್ಲದಿದ್ದರೆ, ಹಳೆಯ ಇಂಜಿನ್ನಿನಲ್ಲಿ ಮೊದಲೇ ಇದ್ದ ದೋಷದ ಹೊಣೆಯೂ ವರ್ಕ್‌ಶಾಪಿನ ಮೇಲೆಯೇ ಬೀಳುತ್ತದೆ.

ಪರಿಶೀಲನೆಯ ಕ್ರಮ

ಖರ್ಚು ಕಡಿಮೆ ಇರುವ ಪರೀಕ್ಷೆ ಮೊದಲು, ಹೆಚ್ಚು ಇರುವುದು ಕೊನೆಗೆ ಎಂಬುದು ಸೂತ್ರ. ಯಾವ ಪರೀಕ್ಷೆಯನ್ನೂ ಮಾಡದೆ ಇಂಜೆಕ್ಟರ್, ಸೆನ್ಸರ್, ಪ್ಲಗ್‌ಗಳನ್ನು ಒಂದಾದ ಮೇಲೊಂದರಂತೆ ಬದಲಿಸುವುದು ನಷ್ಟದ ದಾರಿ.

1. ವ್ಯಾಕ್ಯೂಮ್ ಗೇಜ್: ಸುಸ್ಥಿತಿಯ ಮೂಲ ಇಂಜಿನ್ ಸಮುದ್ರಮಟ್ಟದಲ್ಲಿ ಸಾಮಾನ್ಯವಾಗಿ 17 ರಿಂದ 21 ಅಂಗುಲ ಪಾದರಸದಷ್ಟು ನಿರ್ವಾತ ತೋರಿಸುತ್ತದೆ. ಎತ್ತರ ಪ್ರತಿ 1,000 ಅಡಿ ಹೆಚ್ಚಿದಂತೆ ಸುಮಾರು 1 ಅಂಗುಲ ಇಳಿಯುತ್ತದೆ. ಬೆಂಗಳೂರು ಸುಮಾರು 3,000 ಅಡಿ ಎತ್ತರದಲ್ಲಿರುವುದರಿಂದ ಮಂಗಳೂರಿನಲ್ಲಿ 19 ತೋರಿಸುವ ಇಂಜಿನ್ ಇಲ್ಲಿ 16 ತೋರಿಸಿದರೆ ಅದು ದೋಷವಲ್ಲ. ಪರ್ಫಾರ್ಮೆನ್ಸ್ ಕ್ಯಾಮ್‌ಶಾಫ್ಟಿನಿಂದ ಇನ್ನೂ ಕೆಲವು ಅಂಗುಲ ತಗ್ಗುವುದು ಸಹಜ. ಮುಳ್ಳು ಅನಿಯತವಾಗಿ ತೂಗಾಡಿದರೆ ಓವರ್‌ಲ್ಯಾಪಿನ ಲಕ್ಷಣ. ನಿಯತವಾಗಿ ಒಂದೇ ಲಯದಲ್ಲಿ ಕುಸಿದರೆ ಯಾವುದೋ ಒಂದು ಸಿಲಿಂಡರಿನ ವಾಲ್ವ್ ದೋಷ. ಸ್ಥಿರವಾಗಿ ತೀರಾ ಕಡಿಮೆ ಇದ್ದರೆ ಗಾಳಿ ಸೋರಿಕೆ ಅಥವಾ ತಡವಾದ ಟೈಮಿಂಗ್ ಎಂದು ಶಂಕಿಸಬೇಕು.

2. ಗಾಳಿ ಸೋರಿಕೆ: ಇನ್‌ಟೇಕ್ ಗ್ಯಾಸ್ಕೆಟ್, ಬಿಚ್ಚಿ ಮರುಜೋಡಿಸಿದ ಕೊಳವೆಗಳು, ಬ್ರೇಕ್ ಬೂಸ್ಟರಿನ ಕೊಳವೆ ಇವುಗಳನ್ನು ಹೊಗೆ ಪರೀಕ್ಷೆಯಿಂದ ನೋಡಬೇಕು. ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲ್ ಸಿಂಪಡಿಸುವ ಹಳೆಯ ಪದ್ಧತಿ ಅಪಾಯಕಾರಿ.

3. ಸಿಲಿಂಡರ್ ಸಮತೋಲನ: ಒಂದೊಂದೇ ಇಂಜೆಕ್ಟರಿನ ಸಂಪರ್ಕ ತೆಗೆದು ನೋಡಬೇಕು. ಪ್ರತಿ ಬಾರಿಯೂ ವೇಗ ಸಮನಾಗಿ ಕುಸಿದರೆ ತೊಂದರೆ ಇಡೀ ಇಂಜಿನ್ನಿಗೆ ಸಂಬಂಧಿಸಿದ್ದು. ಒಂದರಲ್ಲಿ ಮಾತ್ರ ಕುಸಿಯದಿದ್ದರೆ ಆ ಸಿಲಿಂಡರಿನಲ್ಲಿಯೇ ದೋಷವಿದೆ. ಪ್ಲಗ್ ತಂತಿ ತೆಗೆದರೆ ಉರಿಯದ ಪೆಟ್ರೋಲ್ ಕೆಟಲಿಟಿಕ್ ಕನ್ವರ್ಟರನ್ನು ಹಾಳುಮಾಡಬಹುದು. ಆದ್ದರಿಂದ ಇಂಜೆಕ್ಟರನ್ನೇ ತೆಗೆಯುವುದು ಲೇಸು.

4. ವಾಲ್ವ್ ಕ್ಲಿಯರೆನ್ಸ್: ಹೊಸ ಕ್ಯಾಮ್‌ಶಾಫ್ಟಿನೊಡನೆ ಬರುವ ವಿವರಪತ್ರದಲ್ಲಿ ಸೂಚಿಸಿದ ಅಳತೆಯನ್ನೇ ಅನುಸರಿಸಬೇಕು, ವಾಹನದ ಮೂಲ ಕೈಪಿಡಿಯದನ್ನಲ್ಲ. ಕ್ಲಿಯರೆನ್ಸ್ ಅಗತ್ಯಕ್ಕಿಂತ ಕಡಿಮೆಯಾದರೆ ಬಿಸಿಯಾದಾಗ ವಾಲ್ವ್ ಪೂರ್ಣ ಮುಚ್ಚಿಕೊಳ್ಳದು. ತಣ್ಣಗಿರುವಾಗ ಸರಿಯಿದ್ದು, ಬಿಸಿಯಾದ ಮೇಲೆ ನಡುಗುವ ಇಂಜಿನ್ನಿಗೆ ಇದು ಸಾಮಾನ್ಯ ಕಾರಣ.

5. ಕ್ಯಾಮ್ ಟೈಮಿಂಗ್: ಕ್ಯಾಮ್ ಪುಲ್ಲಿಯಲ್ಲಿ 40 ಹಲ್ಲುಗಳಿದ್ದರೆ ಒಂದು ಹಲ್ಲು ತಪ್ಪಿದಾಗ ಕ್ಯಾಮ್‌ಶಾಫ್ಟ್ 9 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ ವ್ಯತ್ಯಾಸವಾಗುತ್ತದೆ. ಪುಲ್ಲಿಯ ಗುರುತನ್ನು ನಂಬಿದರೆ ಸಾಲದು. ಡಿಗ್ರಿ ಚಕ್ರ ಮತ್ತು ಡಯಲ್ ಗೇಜಿನಿಂದ ಅಳೆಯಬೇಕು. ಸ್ಟಾರ್ಟ್ ಮಾಡುವ ಮುನ್ನ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ, ವಾಲ್ವ್ ಪಿಸ್ಟನ್ನಿಗೆ ತಾಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಕಡ್ಡಾಯ.

6. ಕಂಪ್ರೆಷನ್: ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುವುದರಿಂದ ಎಲ್ಲ ಸಿಲಿಂಡರ್‌ಗಳಲ್ಲೂ ಒತ್ತಡ ಸಮನಾಗಿ ಇಳಿದಿರಬಹುದು. ಇದು ಸಹಜ. ಒಂದು ಸಿಲಿಂಡರ್ ಉಳಿದವುಗಳಿಗಿಂತ ಶೇ. 10-15ಕ್ಕೂ ಹೆಚ್ಚು ಕೆಳಗಿದ್ದರೆ ಮಾತ್ರ ಹೆಡ್ ಬಿಚ್ಚುವ ಪ್ರಶ್ನೆ ಬರುತ್ತದೆ.

ಕಂಪ್ಯೂಟರಿನ ತಪ್ಪು ತಿಳಿವಳಿಕೆ

ಮೇಲಿನ ಎಲ್ಲವೂ ಸರಿಯಿದ್ದೂ ತೊಂದರೆ ಉಳಿದರೆ ಇಂಜಿನ್ ನಿಯಂತ್ರಣ ಘಟಕವನ್ನು ಗಮನಿಸಬೇಕು. ಜಿಪ್ಸಿಯ 1,298 ಸಿ.ಸಿ. ಸಾಮರ್ಥ್ಯದ 16 ವಾಲ್ವ್‌ಗಳ ಎಂಪಿಎಫ್‌ಐ ಇಂಜಿನ್ ಮ್ಯಾನಿಫೋಲ್ಡ್ ಒತ್ತಡವನ್ನು ಅಳೆದು ಇಂಧನ ನಿರ್ಧರಿಸುತ್ತದೆ. ಹೊಸ ಕ್ಯಾಮ್‌ಶಾಫ್ಟಿನಿಂದ ನಿರ್ವಾತ ತಗ್ಗಿದಾಗ ಘಟಕವು ಇಂಜಿನ್ ಮೇಲೆ ಭಾರ ಬಿದ್ದಿದೆಯೆಂದು ಭಾವಿಸಿ ಹೆಚ್ಚು ಪೆಟ್ರೋಲ್ ಕೊಡುತ್ತದೆ. ಸರಿಯಾಗಿ ಉರಿಯದ ಮಿಶ್ರಣದಲ್ಲಿ ಉಳಿದ ಆಮ್ಲಜನಕವನ್ನು ಆಕ್ಸಿಜನ್ ಸೆನ್ಸರ್ ಗುರುತಿಸಿ ಪೆಟ್ರೋಲ್ ಸಾಲದೆಂದು ವರದಿ ಮಾಡುತ್ತದೆ. ಘಟಕವು ಇನ್ನಷ್ಟು ಸೇರಿಸುತ್ತದೆ. ಪರಿಣಾಮವಾಗಿ ಪ್ಲಗ್‌ಗಳು ಕಪ್ಪಾಗುತ್ತವೆ, ಪೆಟ್ರೋಲ್ ವಾಸನೆ ಬರುತ್ತದೆ. ಇಲ್ಲಿ ಸೆನ್ಸರ್ ಕೆಟ್ಟಿಲ್ಲ. ಬದಲಿಸಿದರೆ ಪ್ರಯೋಜನವೂ ಇಲ್ಲ. ಐಡ್ಲಿಂಗ್ ವೇಗ, ಇಂಧನ ಪ್ರಮಾಣ ಹಾಗೂ ಇಗ್ನಿಷನ್ ಟೈಮಿಂಗನ್ನು ಹೊಸದಾಗಿ ಹೊಂದಿಸುವ ಮರುಪ್ರೋಗ್ರಾಮಿಂಗ್ ಒಂದೇ ಪರಿಹಾರ. ಇದರ ವೆಚ್ಚವನ್ನು ಮೊದಲ ಅಂದಾಜುಪಟ್ಟಿಯಲ್ಲಿಯೇ ಸೇರಿಸಬೇಕು.

ಮತ್ತೊಂದು ಗಂಭೀರ ವಿಷಯವಿದೆ. ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಇದೇ ನಿರ್ವಾತದಿಂದ. ನಿರ್ವಾತ ತೀರಾ ತಗ್ಗಿದರೆ ಬ್ರೇಕ್ ಪೆಡಲ್ ಗಟ್ಟಿಯಾಗುತ್ತದೆ. ವಾಹನ ಹಸ್ತಾಂತರಿಸುವ ಮುನ್ನ ಐಡ್ಲಿಂಗ್‌ನಲ್ಲಿಯೇ ಹಲವು ಬಾರಿ ಬ್ರೇಕ್ ಒತ್ತಿ ಪರೀಕ್ಷಿಸದೆ ಬಿಡಕೂಡದು. ಐಡ್ಲಿಂಗ್ ನಡುಕ ಕೇವಲ ಅನಾನುಕೂಲ. ಬ್ರೇಕ್ ಸಹಾಯವಿಲ್ಲದ ವಾಹನ ಪ್ರಾಣಾಪಾಯ.

ಬಿಲ್ಲು ಮತ್ತು ಕಾನೂನು

ಕ್ಯಾಮ್‌ಶಾಫ್ಟ್ ಜಿಎಸ್‌ಟಿಯಲ್ಲಿ 8483ನೇ ಶೀರ್ಷಿಕೆಗೆ ಸೇರುತ್ತದೆ. ಈ ಶೀರ್ಷಿಕೆಯ ಶಾಫ್ಟ್‌ಗಳ ದರವನ್ನು 2018ರ ಡಿಸೆಂಬರ್ ಮಂಡಳಿ ಸಭೆಯ ತೀರ್ಮಾನದಂತೆ ಶೇ. 28ರಿಂದ 18ಕ್ಕೆ ಇಳಿಸಲಾಯಿತು. ಬಿಡಿಭಾಗ ಮತ್ತು ಸೇವೆಯ ಮೌಲ್ಯವನ್ನು ಪ್ರತ್ಯೇಕವಾಗಿ ತೋರಿಸಿದಾಗ ಆಯಾ ದರವೇ ಅನ್ವಯವೆಂದು 2018ರ ಜೂನ್ ತಿಂಗಳ ಸುತ್ತೋಲೆ ಸ್ಪಷ್ಟಪಡಿಸಿದೆ. ಆದ್ದರಿಂದ ಭಾಗ, ಜೋಡಣೆ, ಪರೀಕ್ಷೆ, ಪ್ರೋಗ್ರಾಮಿಂಗ್ ಇವುಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯುವುದು ಸೂಕ್ತ. ಪರೀಕ್ಷೆಗೆ ತಗುಲಿದ ಗಂಟೆಗಳನ್ನು ಉಚಿತವಾಗಿ ಬಿಟ್ಟುಕೊಡುವುದರಿಂದಲೇ ಇಂತಹ ಕೆಲಸದ ಲಾಭಾಂಶ ಕರಗುತ್ತದೆ.

ರಸ್ತೆಯಲ್ಲಿ ಓಡುವ ವಾಹನಕ್ಕೆ ಇನ್ನೂ ಎರಡು ಎಚ್ಚರಿಕೆಗಳಿವೆ. ಮಾಲಿನ್ಯ ತಪಾಸಣೆ ನಡೆಯುವುದು ಐಡ್ಲಿಂಗ್‌ನಲ್ಲಿಯೇ. ಭಾರತ್ ಹಂತ 4ರ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 0.3, ಹೈಡ್ರೋಕಾರ್ಬನ್ ಮಿತಿ 200 ಪಿಪಿಎಂ. ಓವರ್‌ಲ್ಯಾಪ್ ಹೆಚ್ಚಿರುವ ಇಂಜಿನ್ ಈ ಮಿತಿಯಲ್ಲಿ ಉತ್ತೀರ್ಣವಾಗುವುದು ಕಷ್ಟ. ಇದಲ್ಲದೆ, 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಗ್ರಾಹಕರಿಗೆ ಈ ವಿಷಯಗಳನ್ನೂ, ವಿಮಾ ಕಂಪನಿಗೆ ಮಾರ್ಪಾಡಿನ ಮಾಹಿತಿ ನೀಡಬೇಕೆಂಬುದನ್ನೂ ಲಿಖಿತವಾಗಿ ತಿಳಿಸಬೇಕು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯ ದೂರು ದಾಖಲಾದಾಗ ಆಯೋಗದ ಮುಂದೆ ನಿಲ್ಲುವುದು ಮೆಕ್ಯಾನಿಕ್‌ನ ಅನುಭವವಲ್ಲ, ದಾಖಲೆ. ಕೆಲಸಕ್ಕೆ ಮುನ್ನ ಹಾಗೂ ನಂತರದ ನಾಲ್ಕು ಅಂಕಿಗಳು, ಅವುಗಳ ಕೆಳಗೆ ಗ್ರಾಹಕರ ಸಹಿ, ಇಷ್ಟಿದ್ದರೆ ದೋಷವಿದ್ದಲ್ಲಿ ವರ್ಕ್‌ಶಾಪ್ ಅದನ್ನು ಒಪ್ಪಿ ಸರಿಪಡಿಸಬಹುದು. ಸ್ವಭಾವವಾಗಿದ್ದಲ್ಲಿ ಬಾಕಿ ಹಣವನ್ನು ನ್ಯಾಯವಾಗಿ ಕೇಳಬಹುದು.