ಸ್ವಿಚ್ ಆಫ್ ಆದ ಮೇಲೂ ಕಾದು ಕೂರುವ 1,270 ವೋಲ್ಟ್

ನಾನು ಹ್ಯಾಮ್. ಅಂದರೆ ಕೇಂದ್ರ ಸರ್ಕಾರದ ಪರೀಕ್ಷೆ ಬರೆದು, ಪರವಾನಗಿ ಪಡೆದು, ಹವ್ಯಾಸಕ್ಕಾಗಿ ಮನೆಯಿಂದಲೇ ರೇಡಿಯೊದಲ್ಲಿ ಮಾತಾಡುವವನು. ಮೈಸೂರಿಗೆ ಈ ಹುಚ್ಚು ಹೊಸದೇನಲ್ಲ. 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಆರಂಭಿಸಿದ ಊರಿದು.

ಉದಯಗಿರಿಯ ನಮ್ಮ ಮನೆಯಲ್ಲಿರುವುದು ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ‘ಬಿಟ್‌ಎಕ್ಸ್’ ಮಾದರಿಯ ಸೆಟ್. ಅದರ ಶಕ್ತಿ ಹತ್ತು ವ್ಯಾಟ್ ಆಸುಪಾಸು. ನೂರು ವ್ಯಾಟ್‌ಗೆ ಏರಿಸಲು 811ಎ ಎಂಬ ಹಳೆಯ ಕಾಲದ ವಾಲ್ವ್ ಹಾಕಿ ಆ್ಯಂಪ್ಲಿಫೈಯರ್ ಕಟ್ಟಲು ಹೊರಟೆ. ವಾಲ್ವ್ ಸಿಕ್ಕಿತು. ಆದರೆ ಅದಕ್ಕೆ ಬೇಕಿರುವುದು ಸಾವಿರ ದಾಟಿದ ಡಿ.ಸಿ. ವೋಲ್ಟೇಜ್. ನಿಜವಾದ ಕೆಲಸ ಇರುವುದು ಅಲ್ಲೇ.

ಮೋಟರ್ ರಿವೈಂಡಿಂಗ್ ಮಾಡುವ ಭಾಯ್ ಒಬ್ಬರು 900 ವೋಲ್ಟ್‌ನ ಟ್ರಾನ್ಸ್‌ಫಾರ್ಮರ್ ಸುತ್ತಿಕೊಟ್ಟರು. ಕೊಡುವಾಗ, ‘ಆಫ್ ಮಾಡಿದ ತಕ್ಷಣ ಸತ್ತುಹೋಯ್ತು ಅಂದ್ಕೋಬೇಡಪ್ಪ’ ಅಂದರು. ಅವರ ಮಾತಿನಲ್ಲೇ ಇಡೀ ಪಾಠವಿತ್ತು.

ಲೆಕ್ಕ ನೋಡಿ. 900 ವೋಲ್ಟ್ ಎ.ಸಿ. ಡಯೋಡ್‌ಗಳನ್ನು ದಾಟಿ ಕೆಪಾಸಿಟರ್ ತುಂಬುವಾಗ 1.414 ಪಟ್ಟಾಗುತ್ತದೆ, ಅಂದರೆ ಸುಮಾರು 1,270 ವೋಲ್ಟ್. 1ಎನ್4007 ಡಯೋಡ್ ತಡೆಯುವುದು 1,000 ವೋಲ್ಟ್ ಮಾತ್ರ. ಹಾಗಾಗಿ ಬ್ರಿಡ್ಜ್‌ನ ಪ್ರತಿ ಕೈಗೂ ಮೂರರಂತೆ ಹನ್ನೆರಡು ಡಯೋಡ್ ಹಾಕಿದೆ. ಕೆಪಾಸಿಟರ್‌ಗಳು 450 ವೋಲ್ಟ್‌ನವು. ಅಂಥ 100 ಮೈಕ್ರೊಫ್ಯಾರಡ್‌ನ ನಾಲ್ಕನ್ನು ಸಾಲಾಗಿ ಜೋಡಿಸಿದರೆ ಒಂದೊಂದರ ಪಾಲಿಗೆ ಬರುವುದು 318 ವೋಲ್ಟ್.

ಆ ಸಾಲಿನಲ್ಲಿ ಕೂಡಿರುವ ಶಕ್ತಿ 20 ಜೂಲ್. ಒಂದು ಕೆ.ಜಿ. ಕಲ್ಲು ಎರಡು ಮೀಟರ್ ಮೇಲಿಂದ ಬಿದ್ದಷ್ಟು. ಇಷ್ಟೇನಾ ಅನ್ನಿಸಬಹುದು. ಆದರೆ ಅದು ಒಂದು ಕೈಯಿಂದ ಹೊಕ್ಕು ಎದೆ ದಾಟಿ ಇನ್ನೊಂದು ಕೈಯಿಂದ ಹೊರಟರೆ ಹೃದಯವೇ ನಿಲ್ಲಬಹುದು. ಪ್ಲಗ್ ಕಿತ್ತ ಮೇಲೂ ಅದು ಅಲ್ಲೇ ಇರುತ್ತದೆ. ಮನೆಯಲ್ಲಿ ತಂಗಿ ಓಡಾಡುತ್ತಾಳೆ, ಅಮ್ಮ ಕಸ ಗುಡಿಸಲು ಬರುತ್ತಾರೆ.

ಅದಕ್ಕೇ ವೋಲ್ಟೇಜ್ ಏರಿಸುವುದಕ್ಕಿಂತ ಇಳಿಸುವುದಕ್ಕೆ ಹೆಚ್ಚು ಸಮಯ ಕೊಟ್ಟೆ. ಪ್ರತಿ ಕೆಪಾಸಿಟರ್‌ಗೂ ಅಡ್ಡಲಾಗಿ 47 ಕಿಲೊ ಓಮ್‌ನ ಬ್ಲೀಡರ್ ರೆಸಿಸ್ಟರ್ ಹಾಕಿದೆ. ಅದು ನಾಲ್ಕಕ್ಕೂ ವೋಲ್ಟೇಜನ್ನು ಸಮನಾಗಿ ಹಂಚುತ್ತದೆ, ಆಫ್ ಆದ ಮೇಲೆ ಖಾಲಿಯನ್ನೂ ಮಾಡುತ್ತದೆ. ಲೆಕ್ಕದ ಪ್ರಕಾರ ಹದಿನೈದು ಸೆಕೆಂಡಿನಲ್ಲಿ ಒಟ್ಟು ವೋಲ್ಟೇಜ್ 50ಕ್ಕೆ ಇಳಿಯಬೇಕು. ಎರಡು ವ್ಯಾಟ್ ಬಿಸಿ ಹುಟ್ಟುವ ಕಡೆ ಹತ್ತು ವ್ಯಾಟ್‌ನದನ್ನೇ ಹಾಕಿದೆ.

ಆ ರೆಸಿಸ್ಟರ್ ಸದ್ದಿಲ್ಲದೆ ಸುಟ್ಟುಹೋದರೆ? ಅದಕ್ಕೆ ಮುಂಭಾಗದಲ್ಲೊಂದು ವೋಲ್ಟ್‌ಮೀಟರ್ ಇದೆ. ಸಾಮಾನ್ಯ ಮಲ್ಟಿಮೀಟರ್‌ನ ಮಿತಿ 1,000 ವೋಲ್ಟ್. ಅದನ್ನು ನೇರವಾಗಿ ಇಲ್ಲಿ ತಾಗಿಸುವಂತಿಲ್ಲ. ಮುಚ್ಚಳ ತೆರೆದರೆ ಕರೆಂಟು ಕಡಿಯುವ ಸ್ವಿಚ್ ಇದೆ. ಕೊನೆಗೆ, ತುದಿಗೆ ರೆಸಿಸ್ಟರ್ ಕಟ್ಟಿ ಅರ್ತ್‌ಗೆ ಸೇರಿಸಿದ ಉದ್ದನೆಯ ಪ್ಲಾಸ್ಟಿಕ್ ಕೋಲು. ಮೀಟರ್ ಸೊನ್ನೆ ತೋರಿಸಿದರೂ ಕೋಲು ತಾಗಿಸದೆ ಕೈ ಹಾಕುವುದಿಲ್ಲ. ಮೊದಲ ಸಲ ಆನ್ ಮಾಡುವಾಗ ಅನುಭವಿ ಹ್ಯಾಮ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ.

‘ಇದರಿಂದ ಕೆಲಸ ಸಿಗುತ್ತೇನೋ?’ ಎಂದು ಅಮ್ಮ ಕೇಳುತ್ತಾರೆ. ನೇರವಾಗಿ ಸಿಗದಿರಬಹುದು. ಆದರೆ ಸೋಲಾರ್ ಇನ್ವರ್ಟರ್, ಯುಪಿಎಸ್, ಎಲೆಕ್ಟ್ರಿಕ್ ಕಾರು ಎಲ್ಲದರ ಒಳಗೂ ಇಂಥದ್ದೇ ಕೆಪಾಸಿಟರ್‌ಗಳಿವೆ. ಅವನ್ನು ಸುರಕ್ಷಿತವಾಗಿ ಖಾಲಿ ಮಾಡಬಲ್ಲವರು ಎಲ್ಲ ಕಡೆಯೂ ಬೇಕು.

ನಿಮಗೂ ಆಸೆ ಹುಟ್ಟಿದರೆ ಇದರಿಂದ ಶುರು ಮಾಡಬೇಡಿ. ಮೊದಲು ಪರವಾನಗಿ ಪಡೆಯಿರಿ. ರಿಸ್ಟ್ರಿಕ್ಟೆಡ್ ದರ್ಜೆಗೆ 50 ವ್ಯಾಟ್, ಜನರಲ್ ದರ್ಜೆಗೆ 400 ವ್ಯಾಟ್ ಮಿತಿ. 12 ವೋಲ್ಟ್‌ನಲ್ಲಿ ಓಡುವ ಪುಟ್ಟ ಸೆಟ್ ಕಟ್ಟಿ. ಒಳ್ಳೆಯ ಆಂಟೆನಾ ಇದ್ದರೆ ಹತ್ತು ವ್ಯಾಟ್‌ಗೂ ದೂರದೂರಿನಿಂದ ಉತ್ತರ ಬರುತ್ತದೆ.