ಹಲ್ಲಿನ ತಂತಿಗೆ ಮೇಣದ ಮೆತ್ತೆ

ಹೊಸ ಚಪ್ಪಲಿ ಕಾಲನ್ನು ಕಚ್ಚುತ್ತದೆ. ಹೊಸದಾಗಿ ನೊಗಕ್ಕೆ ಕಟ್ಟಿದ ಹೋರಿಯ ಹೆಗಲು ಕೆಲವು ದಿನ ಬಾತುಕೊಳ್ಳುತ್ತದೆ. ದೇಹಕ್ಕೆ ರೂಢಿಯಿಲ್ಲದ ವಸ್ತು ಮೊದಮೊದಲು ನೋವನ್ನುಂಟುಮಾಡುವುದು ಸಹಜ. ಓರೆಕೋರೆಯಾದ ಹಲ್ಲುಗಳನ್ನು ಸಾಲಿಗೆ ತರಲು ದಂತವೈದ್ಯರು ತೊಡಿಸುವ ತಂತಿಯೂ ಈ ಮಾತಿಗೆ ಹೊರತಲ್ಲ. ಅದು ಕೆನ್ನೆಯ ಒಳಬದಿಯನ್ನೂ ತುಟಿಯನ್ನೂ ಉಜ್ಜಿ ಗಾಯಮಾಡುತ್ತದೆ. ಆ ನೋವನ್ನು ತಾಳಲಾರದೆ ತಂತಿಯನ್ನು ತೆಗೆಸಿಬಿಡೋಣವೆಂದು ಹಟ ಹಿಡಿಯುವ ಎಳೆಯರೂ ಉಂಟು. ಆದರೆ ತೊಗರಿಕಾಳಿನ ಗಾತ್ರದ ಒಂದು ಮೇಣದ ಉಂಡೆ ಈ ಕಷ್ಟವನ್ನು ಬಹುಮಟ್ಟಿಗೆ ನಿವಾರಿಸಬಲ್ಲದು. ಈ ಸುಲಭ ಸಾಧನದ ಮರ್ಮವನ್ನು ತಿಳಿಯಬೇಕಾದರೆ ಮೊದಲು ಹಲ್ಲಿಗೆ ತಂತಿಯೇಕೆ ಬೇಕು, ಅದು ಮಾಡುವ ಕೆಲಸವೇನು ಎಂಬುದನ್ನು ಅರಿಯಬೇಕು.

ಸುಮಾರು ಆರನೆಯ ವಯಸ್ಸಿನಿಂದ ಹಾಲುಹಲ್ಲುಗಳು ಬೀಳತೊಡಗಿ, ಅವುಗಳ ಜಾಗದಲ್ಲಿ ಶಾಶ್ವತ ಹಲ್ಲುಗಳು ಮೂಡುತ್ತವೆ. ದವಡೆ ಚಿಕ್ಕದಾಗಿ ಹಲ್ಲುಗಳು ದೊಡ್ಡವಾಗಿದ್ದರೆ ಅವುಗಳಿಗೆ ಸ್ಥಳ ಸಾಲದು. ಸಂತೆಯ ದಿನ ಬಸ್ಸಿನಲ್ಲಿ ನಿಂತ ಜನರಂತೆ ಅವು ಒಂದನ್ನೊಂದು ಒತ್ತಿಕೊಂಡು, ಕೆಲವು ಮುಂದಕ್ಕೆ ಚಾಚಿ, ಕೆಲವು ಹಿಂದಕ್ಕೆ ಸರಿದು ನಿಲ್ಲುತ್ತವೆ. ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ. ಇಕ್ಕಟ್ಟಿನಲ್ಲಿ ನಿಂತ ಹಲ್ಲುಗಳ ಸಂದಿಯಲ್ಲಿ ಆಹಾರದ ಕಣಗಳು ಉಳಿದು ಹುಳುಕಿಗೂ ವಸಡಿನ ರೋಗಕ್ಕೂ ದಾರಿಯಾಗುತ್ತದೆ. ಮುಂದಕ್ಕೆ ಚಾಚಿದ ಹಲ್ಲು, ಬಿದ್ದು ಪೆಟ್ಟಾದಾಗ ಬೇಗನೆ ಮುರಿಯುತ್ತದೆ. ಇವೆಲ್ಲಕ್ಕಿಂತ ಮಿಗಿಲಾದ ಕಷ್ಟವೊಂದುಂಟು. ಉಬ್ಬುಹಲ್ಲಿನ ಹುಡುಗಿ ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಉತ್ತರ ಗೊತ್ತಿದ್ದರೂ ತರಗತಿಯಲ್ಲಿ ಎದ್ದು ಹೇಳಲು ಹಿಂಜರಿಯುತ್ತಾಳೆ. ಹಲ್ಲಿನ ವಕ್ರತೆ ಹೀಗೆ ಮನಸ್ಸಿನ ಮೇಲೂ ತನ್ನ ನೆರಳನ್ನು ಚೆಲ್ಲುತ್ತದೆ.

ಇದನ್ನು ಸರಿಪಡಿಸುವ ಪ್ರಯತ್ನ ಇಂದು ನಿನ್ನೆಯದಲ್ಲ. ಫ್ರಾನ್ಸ್ ದೇಶದ ದಂತವೈದ್ಯ ಪಿಯರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಲೋಹದ ಬಾಗಿದ ಪಟ್ಟಿಯೊಂದಕ್ಕೆ ಹಲ್ಲುಗಳನ್ನು ದಾರದಿಂದ ಕಟ್ಟಿ ನೇರಗೊಳಿಸುವ ಕ್ರಮವನ್ನು ವಿವರಿಸಿದ್ದಾನೆ. ಅಮೆರಿಕದ ಎಡ್ವರ್ಡ್ ಆ್ಯಂಗಲ್ (1855-1930) ಹಲ್ಲುಗಳ ವಕ್ರತೆಯನ್ನು ವರ್ಗೀಕರಿಸಿ, ಈ ಚಿಕಿತ್ಸೆಗೆ ಶಾಸ್ತ್ರದ ರೂಪವನ್ನು ಕೊಟ್ಟನು. ಆ ಕಾಲದಲ್ಲಿ ಚಿನ್ನದ ಮಿಶ್ರಲೋಹದ ತಂತಿಗಳು ಬಳಕೆಯಲ್ಲಿದ್ದವು. ಮುಂದೆ ತುಕ್ಕು ಹಿಡಿಯದ ಉಕ್ಕು ಅವುಗಳ ಸ್ಥಾನವನ್ನು ಪಡೆಯಿತು. ಮೊದಲು ಹಲ್ಲುಗಳಿಗೆ ಲೋಹದ ಬಳೆಗಳನ್ನು ತೊಡಿಸಬೇಕಾಗುತ್ತಿತ್ತು. 1955ರಲ್ಲಿ ಮೈಕೆಲ್ ಬುವೊನೊಕೋರ್ ಎಂಬ ವಿಜ್ಞಾನಿ, ಹಲ್ಲಿನ ಹೊರಕವಚವನ್ನು ಆಮ್ಲದಿಂದ ಸೂಕ್ಷ್ಮವಾಗಿ ಒರಟುಗೊಳಿಸಿದರೆ ಅಂಟು ಗಟ್ಟಿಯಾಗಿ ಹಿಡಿಯುವುದೆಂದು ತೋರಿಸಿದನು. ಕ್ರಮೇಣ ಬಳೆಗಳ ಬದಲು ‘ಬ್ರ್ಯಾಕೆಟ್’ ಎಂಬ ಪುಟ್ಟ ಗುಬಟುಗಳನ್ನು ನೇರವಾಗಿ ಹಲ್ಲಿಗೇ ಅಂಟಿಸುವ ರೂಢಿ ಬಂದಿತು. ಈ ಬ್ರ್ಯಾಕೆಟ್ಟುಗಳ ಮೂಲಕ ಹಾದುಹೋಗುವ ತಂತಿ ಹಲ್ಲುಗಳನ್ನು ಮೆಲ್ಲಮೆಲ್ಲನೆ ಸಾಲಿಗೆ ಎಳೆಯುತ್ತದೆ.

ಬಂಡೆಯಂತೆ ಭದ್ರವಾಗಿ ಕಾಣುವ ಹಲ್ಲು ಸರಿಯುವುದಾದರೂ ಹೇಗೆ? ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ಮೂಳೆಗೆ ಅಂಟಿಕೊಂಡಿಲ್ಲ. ಅದರ ಬೇರಿಗೂ ದವಡೆಯ ಮೂಳೆಗೂ ನಡುವೆ ತೆಳುವಾದ ನಾರಿನ ಪದರವೊಂದಿದೆ. ತಂತಿಯ ಒತ್ತಡ ಬಿದ್ದ ಕಡೆ ಮೂಳೆ ಸ್ವಲ್ಪಸ್ವಲ್ಪವಾಗಿ ಕರಗುತ್ತದೆ. ಹಲ್ಲು ಸರಿದು ತೆರವಾದ ಕಡೆ ಹೊಸ ಮೂಳೆ ಬೆಳೆಯುತ್ತದೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನಷ್ಟು ಚಲಿಸುತ್ತದೆ. ಹನಿಹನಿಗೂಡಿದರೆ ಹಳ್ಳವಲ್ಲವೇ? ಆದುದರಿಂದಲೇ ಈ ಚಿಕಿತ್ಸೆಗೆ ಅನೇಕ ವೇಳೆ ಒಂದೂವರೆ ಎರಡು ವರ್ಷಗಳೇ ಹಿಡಿಯುತ್ತವೆ.

ತಂತಿ ತೊಟ್ಟವರಿಗೆ ಎರಡು ಬಗೆಯ ನೋವುಗಳು ಬಾಧಿಸುತ್ತವೆ. ತಂತಿಯನ್ನು ಬಿಗಿಗೊಳಿಸಿದ ಬಳಿಕ ಕೆಲವು ದಿನ ಹಲ್ಲುಗಳಲ್ಲಿ ಉಂಟಾಗುವ ಮಂದವಾದ ನೋವು ಮೊದಲನೆಯದು. ಹಲ್ಲು ಚಲಿಸುತ್ತಿರುವುದರ ಸೂಚನೆಯದು. ಅದಕ್ಕೆ ಮೇಣದಿಂದ ಪ್ರಯೋಜನವಿಲ್ಲ. ಬ್ರ್ಯಾಕೆಟ್ಟಿನ ಅಂಚೋ ತಂತಿಯ ತುದಿಯೋ ಕೆನ್ನೆಗೆ ಉಜ್ಜುವುದರಿಂದ ಆಗುವ ಉರಿ ಎರಡನೆಯದು. ಕೆನ್ನೆಯ ಒಳಬದಿಯನ್ನು ಹೊದ್ದಿರುವ ಲೋಳೆಪೊರೆ ಅಂಗೈಯ ಚರ್ಮದಷ್ಟು ಗಡುಸಲ್ಲ. ಮಾತನಾಡುವಾಗ, ಅಗಿಯುವಾಗ, ನಗುವಾಗ ಅದು ಲೋಹಕ್ಕೆ ತಾಗುತ್ತಲೇ ಇರುವುದರಿಂದ ಸಿಪ್ಪೆ ಸುಲಿದಂತಾಗಿ ಹುಣ್ಣಾಗುತ್ತದೆ. ಮೇಣ ನೆರವಿಗೆ ಬರುವುದು ಇಲ್ಲಿಯೇ. ಅದು ಔಷಧಿಯಲ್ಲ, ಹುಣ್ಣನ್ನು ತಾನಾಗಿ ಗುಣಪಡಿಸುವುದೂ ಇಲ್ಲ. ಲೋಹಕ್ಕೂ ಕೆನ್ನೆಗೂ ನಡುವೆ ನುಣುಪಾದ ಮೆತ್ತೆಯಾಗಿ ನಿಂತು ಉಜ್ಜಾಟವನ್ನು ತಪ್ಪಿಸುತ್ತದೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಮಾಡುವ ಉಪಕಾರವನ್ನೇ ಬಾಯಿಗೆ ಈ ಮೇಣ ಮಾಡುತ್ತದೆ. ಉಜ್ಜಾಟ ನಿಂತಮೇಲೆ ಗಾಯವನ್ನು ಮಾಯಿಸುವ ಕೆಲಸವನ್ನು ದೇಹವೇ ಮಾಡಿಕೊಳ್ಳುತ್ತದೆ.

ಈ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವುದು ಪ್ಯಾರಫಿನ್ ಮೇಣ. ಕೆಲವೊಮ್ಮೆ ಇದರೊಡನೆ ಜೇನುಮೇಣವನ್ನಾಗಲಿ ಗಿಡಗಳಿಂದ ದೊರೆಯುವ ಮೇಣವನ್ನಾಗಲಿ ಬೆರೆಸುವುದುಂಟು. ಇದಕ್ಕೆ ರುಚಿಯಿಲ್ಲ, ಇದು ಉಗುಳಿನಲ್ಲಿ ಕರಗುವುದಿಲ್ಲ. ನಮ್ಮ ದೇಹದ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಮೇಣ ಕರಗಿ ನೀರಾಗಲು ಅದಕ್ಕಿಂತ ಹೆಚ್ಚಿನ ಶಾಖ ಬೇಕು. ಆದುದರಿಂದ ಬೆರಳಿನ ಬಿಸಿಗೆ ಅದು ಮೆದುವಾಗುವುದೇ ಹೊರತು ಬಾಯಿಯೊಳಗೆ ಕರಗಿ ಹರಿಯುವುದಿಲ್ಲ. ಸಣ್ಣ ಪೆಟ್ಟಿಗೆಯಲ್ಲಿ ಕಡ್ಡಿಗಳ ರೂಪದಲ್ಲಿ ದೊರೆಯುವ ಈ ಮೇಣಕ್ಕೆ ತಗಲುವ ವೆಚ್ಚ, ಚಿಕಿತ್ಸೆಯ ವೆಚ್ಚದ ಮುಂದೆ ತೀರ ಅಲ್ಪವಾದುದು. ಆದರೆ ಮನೆಯಲ್ಲಿರುವ ಮೇಣದಬತ್ತಿಯನ್ನು ಮುರಿದು ಬಳಸುವುದು ಸಲ್ಲದು. ಅದರಲ್ಲಿ ಬಣ್ಣ, ಸುವಾಸನೆ ಮೊದಲಾದ, ಬಾಯಿಗೆ ತಕ್ಕುದಲ್ಲದ ಪದಾರ್ಥಗಳಿರಬಹುದು.

ಮೇಣವನ್ನು ಹಚ್ಚುವ ಕ್ರಮ ಬಹು ಸರಳ. ಮೊದಲು ಸೋಪಿನಿಂದ ಕೈತೊಳೆದುಕೊಂಡು, ಹಲ್ಲುಜ್ಜಿ ಬಾಯಿ ಮುಕ್ಕಳಿಸಬೇಕು. ನಾಲಿಗೆಯನ್ನು ಆಡಿಸಿ, ಚುಚ್ಚುತ್ತಿರುವ ಜಾಗ ಯಾವುದೆಂದು ಗುರುತಿಸಬೇಕು. ಅನಂತರ ಶುಭ್ರವಾದ ಹತ್ತಿಯಿಂದ ಆ ಬ್ರ್ಯಾಕೆಟ್ಟಿನ ತೇವವನ್ನು ಒರೆಸಬೇಕು. ಎಷ್ಟೋ ಮಂದಿ ಮರೆಯುವುದು ಇದನ್ನೇ. ನೀರಿಗೂ ಮೇಣಕ್ಕೂ ಹೊಂದಿಕೆಯಿಲ್ಲ. ಒದ್ದೆಯಾದ ಲೋಹಕ್ಕೆ ಮೇಣ ಹಿಡಿಯುವುದಿಲ್ಲ. ಬಳಿಕ ತೊಗರಿಕಾಳಿನಷ್ಟು ಮೇಣವನ್ನು ಚಿವುಟಿ, ಬೆರಳುಗಳ ನಡುವೆ ಕೆಲವು ಕ್ಷಣ ಹೊರಳಿಸಿ ಉಂಡೆಮಾಡಬೇಕು. ಅದು ಮೆದುವಾದೊಡನೆ ಬ್ರ್ಯಾಕೆಟ್ಟಿನ ಮೇಲೆ ಒತ್ತಿ, ತುಸು ಚಪ್ಪಟೆಮಾಡಿ, ಅಂಚುಗಳನ್ನು ನಯವಾಗಿ ಸವರಬೇಕು. ಮೇಣ ಅತಿಯಾದರೆ ಅದೇ ಒಂದು ತೊಡಕಾಗುತ್ತದೆ. ತೀರ ಕಡಿಮೆಯಾದರೆ ಬೇಗ ಕಳಚಿಬೀಳುತ್ತದೆ.

ಊಟಕ್ಕೆ ಮುಂಚೆ ಮತ್ತು ಹಲ್ಲುಜ್ಜುವ ಮುಂಚೆ ಈ ಮೇಣವನ್ನು ತೆಗೆದುಹಾಕಬೇಕು. ಇಲ್ಲವಾದರೆ ಅನ್ನದ ಅಗುಳು, ಸೊಪ್ಪಿನ ಎಳೆ ಅದಕ್ಕೆ ಮೆತ್ತಿಕೊಂಡು ಕೊಳೆಯುತ್ತವೆ. ಒಮ್ಮೆ ತೆಗೆದ ಮೇಣವನ್ನು ಮತ್ತೆ ಬಳಸದೆ, ಪ್ರತಿಸಲವೂ ಹೊಸದನ್ನೇ ಹಚ್ಚಬೇಕು. ಅಕಸ್ಮಾತ್ತಾಗಿ ಚೂರೊಂದು ಹೊಟ್ಟೆಗೆ ಹೋದರೆ ಗಾಬರಿಪಡಬೇಕಾಗಿಲ್ಲ. ಅದು ಜೀರ್ಣವಾಗದೆ ದೇಹದಿಂದ ಹೊರಬೀಳುತ್ತದೆ.

ಹದವಾದ ಬಿಸಿನೀರಿನ ಒಂದು ಲೋಟಕ್ಕೆ ಅರ್ಧ ಚಮಚ ಉಪ್ಪು ಬೆರೆಸಿ ದಿನಕ್ಕೆ ಕೆಲವು ಸಲ ಮುಕ್ಕಳಿಸುವುದು ಗಾಯಕ್ಕೆ ಹಿತಕರ. ಆಹಾರದಲ್ಲಿಯೂ ಎಚ್ಚರಿಕೆ ಅಗತ್ಯ. ಚಕ್ಕುಲಿ, ಕೋಡುಬಳೆ, ಕಡಲೆಮಿಠಾಯಿ, ಕಬ್ಬು ಇವು ಬ್ರ್ಯಾಕೆಟ್ಟನ್ನು ಕಿತ್ತುಹಾಕಬಲ್ಲವು. ಹಲ್ಲಿದ್ದಾಗ ಕಡಲೆಯಿಲ್ಲ ಎಂಬ ಗಾದೆಮಾತು ತಂತಿ ತೊಟ್ಟವರ ಪಾಲಿಗೆ ಹೊಸ ರೀತಿಯಲ್ಲಿ ನಿಜವಾಗುತ್ತದೆ! ಇಡ್ಲಿ, ಮೊಸರನ್ನ, ಬಾಳೆಹಣ್ಣು, ರಾಗಿಗಂಜಿ ಇವು ಅಂಥ ದಿನಗಳಿಗೆ ತಕ್ಕ ಆಹಾರ. ಅಗಿಯದೆ ನುಂಗುವ ರಾಗಿಮುದ್ದೆಯಂತೂ ಇವರಿಗಾಗಿಯೇ ಸೃಷ್ಟಿಯಾದಂತಿದೆ.

ಮೇಣದ ನೆರವಿಗೂ ಒಂದು ಮಿತಿಯುಂಟು. ತಂತಿಯ ತುದಿ ಹೊರಬಂದು ಚುಚ್ಚುತ್ತಿದ್ದರೆ ಅದನ್ನು ಮೇಣದಿಂದ ಮುಚ್ಚಿಕೊಂಡು ಕೂಡಲೆ ವೈದ್ಯರಲ್ಲಿಗೆ ಹೋಗಬೇಕು. ಮನೆಯ ಕತ್ತರಿಯಿಂದ ಕತ್ತರಿಸುವ ಸಾಹಸ ಕೂಡದು. ಬ್ರ್ಯಾಕೆಟ್ಟು ಕಳಚಿದ್ದರೆ, ಹುಣ್ಣು ಎರಡು ವಾರ ಕಳೆದರೂ ಮಾಯದಿದ್ದರೆ, ಕೆನ್ನೆ ಊದಿಕೊಂಡು ಜ್ವರ ಬಂದರೆ ಅದು ವೈದ್ಯರು ನೋಡಬೇಕಾದ ವಿಷಯ. ಸಾಧಾರಣವಾಗಿ ಕೆಲವು ವಾರಗಳಲ್ಲಿ ಲೋಳೆಪೊರೆ ಲೋಹದ ಸಹವಾಸಕ್ಕೆ ಹೊಂದಿಕೊಳ್ಳುತ್ತದೆ. ಆಮೇಲೆ ಮೇಣದ ಪೆಟ್ಟಿಗೆಯ ನೆನಪಾಗುವುದೇ ಅಪರೂಪ.

ಇಷ್ಟು ಸುಲಭವಾದ ಉಪಾಯ ಕೈಗೆಟಕುವಂತಿದ್ದರೂ ಅನೇಕ ಎಳೆಯರು ಬಾಯಿಹುಣ್ಣನ್ನು ಯಾರಿಗೂ ಹೇಳದೆ ಸಹಿಸುತ್ತಾರೆ. ತಂದೆತಾಯಿಗಳು ಕಷ್ಟಪಟ್ಟು ಹಣ ಹೊಂದಿಸಿ ಹಾಕಿಸಿದ ತಂತಿಯ ಬಗ್ಗೆ ದೂರುವುದು ತಪ್ಪೆಂದು ಕೆಲವರ ಭಾವನೆ. ಬಾಯಿ ತೆರೆದರೆ ಸಹಪಾಠಿಗಳು ಗೇಲಿಮಾಡುವರೆಂಬ ಅಳುಕು ಇನ್ನು ಕೆಲವರದು. ಹೀಗೆ ಮೌನವಾಗಿ ನೊಂದು, ಕಡೆಗೊಂದು ದಿನ ತಂತಿಯನ್ನೇ ತೆಗೆಸಿಕೊಂಡರೆ ಅಷ್ಟು ತಿಂಗಳ ಶ್ರಮವೂ ಹಣವೂ ವ್ಯರ್ಥ. ಸರಿಯುತ್ತಿದ್ದ ಹಲ್ಲು ಮತ್ತೆ ಹಳೆಯ ಜಾಗದತ್ತ ಹೊರಳುತ್ತದೆ. ತಪ್ಪಿಸಲಾಗದ ನೋವನ್ನು ತಾಳಿಕೊಳ್ಳುವುದು ಧೈರ್ಯ. ತಪ್ಪಿಸಬಹುದಾದ ನೋವನ್ನು ಸಂಕೋಚದಿಂದ ಬಚ್ಚಿಟ್ಟುಕೊಳ್ಳುವುದು ಧೈರ್ಯವಲ್ಲ. ನೋವನ್ನು ಬಾಯಿಬಿಟ್ಟು ಹೇಳುವವರಿಗೆ ಪರಿಹಾರ ದೊರೆಯುತ್ತದೆ. ಹಾಗೆಯೇ, ತಂತಿ ತೊಟ್ಟ ಗೆಳೆಯನನ್ನು ಕಂಡು ನಗುವ ಬದಲು ಅವನೊಡನೆ ನಗಲು ಕಲಿತ ತರಗತಿಯಲ್ಲಿ ಯಾರೂ ಕೈಯಿಂದ ಬಾಯಿ ಮುಚ್ಚಿಕೊಳ್ಳಬೇಕಾಗುವುದಿಲ್ಲ.